ಹೆಸರು ದೊಡ್ಡಪ್ಪನದು, ಕಾಲು ಅಪ್ಪನದು

ಕಡೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೊಬ್ಬರಿ ಮಂಡಿಯ ಶೆಡ್ಡಿನೊಳಗೆ ಹೆಂಗಸರು ಆಗಲೇ ಗೋಣಿಚೀಲ ಹಾಸಿ ಕೂತಿದ್ದಾರೆ. ಅವರಲ್ಲಿ ಹುಲಿಯಮ್ಮ ಗೋಡೆಗೆ ಬೆನ್ನು ಕೊಟ್ಟು ಕೂರುವವರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಬಂದ ಕಾಯಿಯೊಂದನ್ನು ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಗುಡುಗುಡು ಉರುಳಿದರೆ ಮಚ್ಚಿನ ಬೆನ್ನಿನಿಂದ ಸುತ್ತ ನಾಲ್ಕು ಏಟು. ಚಿಪ್ಪು ಕಳಚಿ ಬಿದ್ದು ಉಂಡೆ ಕೊಬ್ಬರಿ ಇಡಿಯಾಗಿ ಅಂಗೈಯಲ್ಲಿ ಕೂರುತ್ತದೆ. ಹೋಳಾದರೆ ಅದರ ಬೆಲೆ ಹೋಯಿತು. ಮಧ್ಯಾಹ್ನದೊಳಗೆ ಅವರ ಎಡಕ್ಕೆ ಚಿಪ್ಪಿನ ಗುಡ್ಡ, ಬಲಕ್ಕೆ ಕೊಬ್ಬರಿಯ ಗುಡ್ಡ. ಮೂವತ್ತು ವರ್ಷದಿಂದ ಇದೇ ಕೆಲಸ.

ನಾನು ಅವರನ್ನು ಹುಡುಕಿಕೊಂಡು ಬಂದದ್ದು ಕೊಬ್ಬರಿಗಾಗಿ ಅಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಈ ಹೆಂಗಸು, ಎಪ್ಪತ್ತೊಂದರ ಯುದ್ಧದಲ್ಲಿ ಅಪ್ಪ ಏನಾಗಿದ್ದ ಎಂದು ತಿಳಿಯಲು ಸೇನೆಯ ದಾಖಲೆ ಕಚೇರಿಗೆ ಮೂರು ವರ್ಷ ಕಾಗದ ಬರೆಸಿದವರು. ಉತ್ತರವೂ ಬಂದಿದೆ. ಏನು ತಿಳಿಯಿತು ಎಂದು ಕೇಳಿದೆ.

"ಏನ್ ಹೇಳ್ಲಿ ಮೇಡಂ, ನಂಗೇ ಸರಿಯಾಗ್ ಅರ್ಥ ಆಗಿಲ್ಲ. ಒಂದ್ ಗಂಟು ಬಿಚ್ಚಿದ್ರೆ ಒಳಗಡೆ ಇನ್ನೊಂದು ಗಂಟು. ನಿಮಗಾದ್ರೂ ಅರ್ಥ ಆದ್ರೆ ನಂಗೂ ಹೇಳಿ."

ಹುಲಿಯಮ್ಮನಿಗೆ ಈಗ ಐವತ್ತೆರಡು. ಹುಟ್ಟಿದ್ದು ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆಯ ಪಕ್ಕದ ಒಂದು ಹಳ್ಳಿಯಲ್ಲಿ. "ಊರಿನ ಹೆಸರು ಬರೀಬೇಡಿ, ನಾಳೆ ಅಲ್ಲೇ ಓಡಾಡ್ಬೇಕು" ಎಂದರು. ಅಪ್ಪ ಓಬಳಪ್ಪ ಚೀನಾ ಯುದ್ಧದ ನಂತರ ಸೇನೆಗೆ ಸೇರಿ, ಎಪ್ಪತ್ತೆರಡರಲ್ಲಿ ಊರಿಗೆ ವಾಪಸ್ ಬಂದವನು. ಬರುವಾಗ ಎಡಗಾಲು ಕುಂಟುತ್ತಿತ್ತು. ಪಿಂಚಣಿ ಇಲ್ಲ, ಪದಕ ಇಲ್ಲ, ಒಂದು ಫೋಟೋ ಕೂಡ ಇಲ್ಲ. ಯುದ್ಧಕ್ಕೆ ಹೆದರಿ ಓಡಿಬಂದ ಎಂದು ಊರು ತೀರ್ಮಾನಿಸಿತು. ರೈಲಿನಿಂದ ಹಾರಿದಾಗ ಕಾಲು ಮುರಿಯಿತು ಎಂದು ಆಮೇಲೆ ಯಾರೋ ಸೇರಿಸಿದರು. "ಓಡ್ಬಂದ ಓಬಳ" ಎಂಬ ಹೆಸರೇ ನಿಂತುಬಿಟ್ಟಿತು.

"ಶಾಲೇಲಿ ನನ್ನ ಓಡ್ಬಂದೋನ ಮಗಳು ಅನ್ನೋರು. ನನ್ನ ಮದುವೇಲಿ ಬೀಗರ ಕಡೇರು ಅದನ್ನೇ ಆಡ್ಕೊಂಡು ನಕ್ರು. ಅಪ್ಪ ಅಲ್ಲೇ ನಿಂತಿದ್ದ, ಎಲೆ ಎತ್ತುತಾ ಇದ್ದ. ತಲೆ ಎತ್ತಿ ನೋಡ್ಲಿಲ್ಲ. ಏನಪ್ಪಾ, ಸುಮ್ನೆ ಇದ್ದೀಯಲ್ಲಾ ಅಂದೆ. 'ಊಟ ಆಯ್ತಾ ಮಗ' ಅಂದ. ಅಷ್ಟೇ."

ಆ ಮದುವೆಯಾದ ಮರುವರ್ಷವೇ ಓಬಳಪ್ಪ ತೀರಿಕೊಂಡ. ಅವ್ವ ದ್ಯಾವಮ್ಮನೂ ಈಗಿಲ್ಲ. ಆಕೆ ಓಬಳಪ್ಪನ ಕೈ ಹಿಡಿದದ್ದು ಅವನು ಊರಿಗೆ ಮರಳಿದ ಮೇಲೆ. "ಅವ್ವಂಗೆ ಗೊತ್ತಿತ್ತೋ ಇಲ್ವೋ, ಅದೂ ಗೊತ್ತಿಲ್ಲ" ಎನ್ನುತ್ತಾರೆ ಹುಲಿಯಮ್ಮ.

ಮೂರು ವರ್ಷದ ಕೆಳಗೆ ಊರಿನ ಶಾಲೆಯ ಮುಂದೆ ಕಲ್ಲೊಂದನ್ನು ನಿಲ್ಲಿಸುವ ಮಾತು ಬಂತು. ಊರಿನಿಂದ ಸೇನೆಗೆ ಹೋಗಿ ಯುದ್ಧ ಕಂಡವರ ಹೆಸರು ಅದರ ಮೇಲೆ. ನಿವೃತ್ತ ಮೇಷ್ಟ್ರು ಕಲ್ಲೇಶಪ್ಪ ಹೆಸರು ಕಲೆಹಾಕುತ್ತಿದ್ದರು. ಹುಲಿಯಮ್ಮ ಕಡೂರಿನಿಂದ ಬಸ್ಸು ಹತ್ತಿ ಹೋಗಿ ಸಭೆಯಲ್ಲಿ ಎದ್ದು ನಿಂತು, ನಮ್ಮಪ್ಪನ ಹೆಸರು ಬರ್ಕೊಳಿ ಎಂದರು. ಹಿಂದೆ ಯಾರೋ ನಕ್ಕರು. ಕಲ್ಲೇಶಪ್ಪ ನಗಲಿಲ್ಲ. "ಒಂದು ಆಧಾರ ತಗೊಂಡು ಬಾರಮ್ಮ, ಬರ್ಕೊತೀನಿ" ಎಂದರು.

ಆಧಾರ ಎಲ್ಲಿಂದ ತರುವುದು? ಮನೆಯಲ್ಲಿ ಉಳಿದದ್ದು ಅಪ್ಪನ ಕಬ್ಬಿಣದ ಪೆಟ್ಟಿಗೆ ಒಂದೇ. ಹೊರಗೆಲ್ಲ ಟಾರು ಬಳಿದಿತ್ತು. ಮುಚ್ಚಳದ ಒಳಮೈಯಲ್ಲಿ ಮಾತ್ರ ಬಿಳಿ ಬಣ್ಣದ ಅಂಕಿಗಳಿದ್ದವು. ಅದು ಸೈನಿಕನ ನಂಬರ್ ಇರಬೇಕು ಎಂದು ಹೇಳಿದವರು ತರೀಕೆರೆಯ ಶಿವಮೂರ್ತಪ್ಪ. ಸೇನೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಈ ಹವಾಲ್ದಾರ್, ಮಾಜಿ ಸೈನಿಕರ ಮನೆಯವರಿಗೆ ಅರ್ಜಿ ಬರೆದುಕೊಡುತ್ತಾರೆ. ಹುಲಿಯಮ್ಮ ವಾರದ ರಜೆಯ ದಿನ ಪೆಟ್ಟಿಗೆಯನ್ನೇ ಬಸ್ಸಿಗೆ ಹಾಕಿಕೊಂಡು ತರೀಕೆರೆಗೆ ಹೋದರು.

ಮೊದಲ ಅರ್ಜಿಯಲ್ಲಿ ಓಬಳಪ್ಪ ಎಂಬ ಹೆಸರೂ ಇತ್ತು, ನಂಬರೂ ಇತ್ತು. ಕೆಲವು ತಿಂಗಳ ಮೇಲೆ ಉತ್ತರ ಬಂತು. ಈ ನಂಬರಿನವನು ಓಬಳಪ್ಪ ಅಲ್ಲ, ರಂಗಪ್ಪ. ವಿವರ ಬೇಕಾದರೆ ಅವನ ಹೆಂಡತಿ ಈಶ್ವರಮ್ಮ ಅಥವಾ ಮಕ್ಕಳು ಅರ್ಜಿ ಹಾಕಬೇಕು.

ರಂಗಪ್ಪ ಎಂದರೆ ಓಬಳಪ್ಪನ ಒಡಹುಟ್ಟಿದ ಅಣ್ಣ, ಹುಲಿಯಮ್ಮನ ದೊಡ್ಡಪ್ಪ. ಜೀವಮಾನವಿಡೀ ಊರಿನಲ್ಲೇ ಇದ್ದು ಬೇಸಾಯ ಮಾಡಿ ಸತ್ತವನು.

"ಶಿವಮೂರ್ತಪ್ಪೋರು ಓದಿ ಹೇಳ್ದಾಗ ತಲೆ ಗಿರ್ ಅಂತು. ದೊಡ್ಡಪ್ಪ ದಾವಣಗೆರೆ ಸಂತೆ ದಾಟಿ ಹೋದೋನಲ್ಲ, ಅವನು ಯಾವಾಗ ಮಿಲ್ಟ್ರಿಗೆ ಹೋದ? ಹಂಗಾದ್ರೆ ಅಪ್ಪ ಎಲ್ಲಿಗೆ ಹೋಗಿದ್ದ? ಬೇರೆ ಯಾರದೋ ಪೆಟ್ಟಿಗೆ ಕದ್ಕೊಂಡು ಬಂದ್ನಾ? ಊರೋರು ಹೇಳಿದ್ದೇ ಸರಿ ಇರ್ಬೇಕು ಅಂತ ನನ್ನ ಮನಸಿಗೂ ಬಂದ್ಬಿಡ್ತು ಮೇಡಂ." ಇಷ್ಟು ಹೇಳಿ ಅವರು ಮತ್ತೊಂದು ಕಾಯಿಗೆ ಕೈ ಹಾಕುತ್ತಾರೆ, ಆದರೆ ಅಲ್ಲಾಡಿಸಿ ನೋಡುವುದಿಲ್ಲ.

ದೊಡ್ಡಮ್ಮ ಈಶ್ವರಮ್ಮ ಇನ್ನೂ ಇದ್ದಾರೆ. ಎಂಬತ್ತು ದಾಟಿದೆ. ಮಗ ಚಂದ್ರಕುಮಾರ್ ಸಖರಾಯಪಟ್ಟಣದಲ್ಲಿ ಟ್ರ್ಯಾಕ್ಟರ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಅಮ್ಮ ಅವನ ಜೊತೆಗಿದ್ದಾರೆ. ಹುಲಿಯಮ್ಮ ಹೋಗಿ ಕೇಳಿದಾಗ ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡು, "ನಂಗೇನೂ ಗೊತ್ತಿಲ್ಲ ಕಣೇ. ಗೌರ್ಮೆಂಟೋರು ಏನೋ ತಪ್ಪು ಬರೆದವ್ರೆ" ಎಂದು ಎದ್ದು ಒಳಗೆ ಹೋದರು. ಚಂದ್ರಕುಮಾರನಿಗೆ ಮಾತ್ರ ಕುತೂಹಲ. ನಮ್ಮಪ್ಪ ಸೈನಿಕ ಅಂದ್ರೆ ನಂಗೇ ಗೊತ್ತಿಲ್ವಲ್ಲ ಎಂದು ನಗುತ್ತಲೇ ಅರ್ಜಿಗೆ ಸಹಿ ಹಾಕಿಕೊಟ್ಟ.

ಎರಡನೇ ಉತ್ತರದಲ್ಲಿ ಹೆಚ್ಚು ವಿವರವಿತ್ತು. ರಂಗಪ್ಪ, ಏಳನೇ ತರಗತಿ ಪಾಸು. ರಸ್ತೆ ಹಾಕುವ, ಸೇತುವೆ ಕಟ್ಟುವ ತುಕಡಿಯಲ್ಲಿ ಸಿಪಾಯಿ. ಎಪ್ಪತ್ತೊಂದರ ಡಿಸೆಂಬರ್, ಪೂರ್ವ ಗಡಿಯಲ್ಲಿ ದಾರಿ ಮಾಡುವಾಗ ನೆಲಬಾಂಬು ಸಿಡಿದು ಎಡಗಾಲಿಗೆ ಗಾಯ. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು, ಸೇವೆಗೆ ಅನರ್ಹನಾಗಿ ಬಿಡುಗಡೆ. ಗುರುತಿನ ಚಿಹ್ನೆ, ಬಲಗೆನ್ನೆಯ ಮೇಲೆ ಮಚ್ಚೆ.

"ಅಪ್ಪನ ಮುಖದ ಮೇಲೆ ಮಚ್ಚೆ ಇತ್ತು. ಯಾವ ಕೆನ್ನೆ ಅಂತ ನೆನಪಾಗ್ಲಿಲ್ಲ. ಕಣ್ಣು ಮುಚ್ಚಿದ್ರೆ ಒಂದ್ ಸಲ ಈ ಕಡೆ ಕಾಣ್ಸುತ್ತೆ, ಒಂದ್ ಸಲ ಆ ಕಡೆ. ಮಗಳಾಗಿ ಅಷ್ಟೂ ನೋಡ್ಕೊಂಡಿಲ್ವಲ್ಲ ಅಂತ ಅಳು ಬಂತು. ಆದ್ರೆ ಕಾಲು ಮಾತ್ರ ಅಪ್ಪಂದೇ. ದೊಡ್ಡಪ್ಪ ಸಾಯೋವರ್ಗೂ ನೆಟ್ಟಗೆ ನಡೆದೋನು. ಹೆಸರು ದೊಡ್ಡಪ್ಪಂದು, ಕಾಲು ಅಪ್ಪಂದು. ಹೆಂಗೆ?"

ಆ ಕಾಗದ ಹಿಡಿದು ಹುಲಿಯಮ್ಮ ಮತ್ತೆ ಸಖರಾಯಪಟ್ಟಣಕ್ಕೆ ಹೋದರು. ಈ ಸಲ ಚಂದ್ರಕುಮಾರನೇ ಅಮ್ಮನ ಮುಂದೆ ಕೂತು ಕನ್ನಡದಲ್ಲಿ ಬಿಡಿಸಿ ಹೇಳಿದ. ಎಡಗಾಲು ಎನ್ನುತ್ತಲೇ ಈಶ್ವರಮ್ಮ ಕೈ ಅಡ್ಡ ಹಿಡಿದರಂತೆ. "ಸಾಕು ನಿಲ್ಸು. ಹೇಳ್ತೀನಿ."

ಆಕೆ ಹೇಳಿದ್ದು ಇಷ್ಟು. ಸೇನೆಗೆ ಆಳು ತೆಗೆದುಕೊಳ್ಳುವಾಗ ಶಾಲೆಯ ಸರ್ಟಿಫಿಕೇಟ್ ಕೇಳುತ್ತಿದ್ದರು. ಮನೆಯಲ್ಲಿ ಅದು ಇದ್ದದ್ದು ದೊಡ್ಡ ಮಗ ರಂಗಪ್ಪನಿಗೆ. ಅವನಿಗೆ ಆಗತಾನೆ ಮದುವೆಯಾಗಿತ್ತು, ಹೆಂಡತಿ ಬಸುರಿ. ಓಬಳಪ್ಪ ಅಕ್ಷರ ಕಲಿತವನಲ್ಲ, ಆದರೆ ಹೋಗುವ ಆಸೆ ಅವನಿಗೇ. ಅಣ್ಣನ ಸರ್ಟಿಫಿಕೇಟ್ ಹಿಡಿದು, ಅಣ್ಣನ ಹೆಸರನ್ನೇ ಸಹಿ ಮಾಡುವುದು ಕಲಿತು ಹೋದ. ಮದುವೆ ಆಗಿದೆಯೇ ಎಂದು ಕೇಳಿದಾಗ ಆಗಿದೆ ಎನ್ನಬೇಕಾಯಿತು. ಹೆಂಡತಿಯ ಹೆಸರು ಕೇಳಿದಾಗ ಅತ್ತಿಗೆಯ ಹೆಸರು ಹೇಳಿದ.

ಮುಂದಿನದನ್ನು ಈಶ್ವರಮ್ಮನ ಬಾಯಲ್ಲೇ ಕೇಳಬೇಕೆಂದು ನಾನೂ ಸಖರಾಯಪಟ್ಟಣಕ್ಕೆ ಹೋಗುತ್ತೇನೆ. ಕಿವಿ ಸ್ವಲ್ಪ ಮಂದ, ಮಾತು ಖಡಕ್ಕು.

"ರಾಗಿ ಬಡೀತಿದ್ವಿ. ಪೋಸ್ಟಿನೋನು ಬಂದು, 'ಈಶ್ವರಮ್ಮ ಅಂದ್ರೆ ಯಾರು, ತಂತಿ ಬಂದೈತೆ, ನಿನ್ನ ಗಂಡಂಗೆ ಗಾಯ ಆಗೈತಂತೆ' ಅಂದ. ನನ್ನ ಗಂಡ ಪಕ್ಕದಲ್ಲೇ ಕೋಲು ಹಿಡ್ಕೊಂಡು ನಿಂತವ್ನೆ! ಗಾಯ ಆದೋನು ನನ್ನ ಮೈದುನ. ಅಳೋ ಹಂಗೂ ಇಲ್ಲ, ನಗೋ ಹಂಗೂ ಇಲ್ಲ. ನಮ್ಮನೇರು ಏನ್ ಮಾಡ್ಬೇಕು? 'ಇದು ಬೇರೆ ಯಾವನೋ ರಂಗಪ್ಪಂದು, ವಾಪಸ್ ತಗೊಂಡೋಗಿ' ಅಂದ್ಬಿಟ್ರು. ಯಾವ ಆಸ್ಪತ್ರೆ ಅಂತ ಕೇಳೋಕೂ ಆಗ್ಲಿಲ್ಲ. ಅವನು ಬದುಕವ್ನೋ ಸತ್ತವ್ನೋ, ಬೇಸಿಗೆ ತಂಕ ಗೊತ್ತಾಗ್ಲಿಲ್ಲ. ನಮ್ಮತ್ತೆ ದಿನಾ ಬಾಗಿಲಲ್ಲೇ ಕೂತಿರೋದು."

ಬೇಸಿಗೆಯಲ್ಲಿ ಓಬಳಪ್ಪ ಕೋಲೂರಿಕೊಂಡು ಬಂದ. ಪಿಂಚಣಿ ಬಂದರೂ ಅಣ್ಣನ ಹೆಸರಿಗೇ ಬರಬೇಕು, ಹಾಗಾಗಿ ಅವನು ಅದನ್ನು ಕೇಳಲೇ ಇಲ್ಲ. ಗಾಯದ ವಿಷಯ ಊರಿಗೆ ತಿಳಿದರೆ ಪಿಂಚಣಿ ಯಾಕಿಲ್ಲ ಎಂದು ಕೇಳುತ್ತಾರೆ, ಯಾರಾದರೂ ಅರ್ಜಿ ಹಾಕಿಸುತ್ತಾರೆ, ಹೆಸರಿನ ಮೋಸ ಹೊರಬಿದ್ದರೆ ಅಣ್ಣತಮ್ಮ ಇಬ್ಬರಿಗೂ ಜೈಲು. ಹೀಗೆ ಹೆದರಿ ಮನೆಯವರು ಒಂದು ಮಾತಿಗೆ ಬಂದರು. ಕೆಲಸ ಬಿಟ್ಟು ಬಂದ ಎಂದು ಹೇಳುವುದು.

"ಹಂಗ್ ಹೇಳು ಅಂದಿದ್ದು ಓಬಳನೇ ಕಣಮ್ಮ. ಅಣ್ಣಂಗೆ ಮಕ್ಕಳವ್ರೆ, ನಂಗ್ಯಾರವ್ರೆ ಅಂದ. ಬಿಟ್ಟು ಬಂದ ಅನ್ನೋದನ್ನ ಊರೋರು ಓಡಿ ಬಂದ ಅಂತ ಮಾಡುದ್ರು. ಆಮೇಲೆ ಅವ್ನಿಗೂ ಮದುವೆ ಆಯ್ತು, ಮಗಳಾದ್ಲು. ಆದ್ರೆ ಹೇಳಿದ ಮಾತು ವಾಪಸ್ ತಗೊಳಾಕಾಯ್ತದಾ?"

ಸತ್ಯ ತಿಳಿದ ಮೇಲೆ ಎಲ್ಲ ಸರಿಹೋಗಬೇಕಿತ್ತು. ಗೊಂದಲ ಹೆಚ್ಚಾಯಿತು. ಕಾಗದದ ಪ್ರಕಾರ ಕಲ್ಲಿನ ಮೇಲೆ ಬರಬೇಕಾದದ್ದು ರಂಗಪ್ಪನ ಹೆಸರು. "ಕಾಗದ ನೋಡಿದ್ರೆ ರಂಗಪ್ಪ. ರಂಗಪ್ಪ ಊರು ಬಿಟ್ಟಿದ್ದನ್ನ ನಾನು ಕಂಡೇ ಇಲ್ಲ. ಹೋಗಿ ಬಂದ ಓಬಳಪ್ಪಂಗೆ ಕಾಗದ ಇಲ್ಲ. ನಾನೇನು ಬರೀಲಿ?" ಎಂದು ಕಲ್ಲೇಶಪ್ಪ ತಲೆ ಮೇಲೆ ಕೈ ಹೊತ್ತರು. ಚಂದ್ರಕುಮಾರನಿಗೂ ಕಸಿವಿಸಿ. ತನ್ನಪ್ಪನ ಹೆಸರು ಕೆತ್ತಿದರೆ ಅದು ಸುಳ್ಳು. ಬೇಡವೆಂದರೆ, ಅಪ್ಪ ಸರ್ಕಾರಕ್ಕೆ ಮೋಸ ಮಾಡಿದ ಎಂದು ತಾನೇ ಒಪ್ಪಿಕೊಂಡಂತೆ.

ಸೇನೆಯ ದಾಖಲೆಯಲ್ಲೇ ಹೆಸರು ತಿದ್ದಿಸಬಹುದೇ? ಶಿವಮೂರ್ತಪ್ಪ ಸುಳ್ಳು ಭರವಸೆ ಕೊಡುವವರಲ್ಲ. "ತಿದ್ಸೋಕೆ ಅಫಿಡವಿಟ್ ಬೇಕು. ನಮ್ಮಪ್ಪ ಬೇರೆಯೋರ ಹೆಸರಲ್ಲಿ ಭರ್ತಿ ಆಗಿದ್ದ ಅಂತ ಇವರೇ ಬರ್ಕೊಡ್ಬೇಕು. ಆಮೇಲೆ ಅವರು ಗೌರವ ಕೊಡ್ತಾರೋ, ಮೋಸದ ಭರ್ತಿ ಅಂತ ಇರೋ ಸರ್ವಿಸನ್ನೂ ಹೊಡೆದು ಹಾಕ್ತಾರೋ, ನಂಗ್ ಗೊತ್ತಿಲ್ಲ" ಎನ್ನುತ್ತಾರೆ. ಹುಲಿಯಮ್ಮ ಒಂದು ವಾರ ಹಾಕೋಣ ಎನ್ನುತ್ತಾರೆ, ಮರುವಾರ ಬೇಡ ಎನ್ನುತ್ತಾರೆ. ಅರ್ಜಿ ಇನ್ನೂ ಹೋಗಿಲ್ಲ.

ಕಲ್ಲಿನ ವಿಷಯಕ್ಕೆ ಈ ವರ್ಷದ ಆರಂಭದಲ್ಲಿ ಮತ್ತೆ ಸಭೆ ಸೇರಿತು. ಅಂದು ಯಾರೂ ಕರೆಯದಿದ್ದರೂ ಈಶ್ವರಮ್ಮ ಬಂದರು. ಸಖರಾಯಪಟ್ಟಣದಿಂದ ಕಡೂರಿಗೆ, ಅಲ್ಲಿಂದ ಅಜ್ಜಂಪುರಕ್ಕೆ, ಆಮೇಲೆ ಆಟೋದಲ್ಲಿ. ಚಂದ್ರಕುಮಾರ್ ತೋಳು ಹಿಡಿದುಕೊಂಡಿದ್ದ. ಶಾಲೆಯ ಜಗಲಿಯ ಮೇಲೆ ನಿಂತು ಆಕೆ ಕೇಳಿದರು:

"ಗಾಯದ ತಂತಿ ಬಂದಿದ್ದು ನನ್ನ ಹೆಸರಿಗೆ. ಅವತ್ತು ನನ್ನ ಗಂಡ ನನ್ನ ಪಕ್ಕದಲ್ಲಿದ್ದ. ಹಂಗಾದ್ರೆ ಅಲ್ಲಿ ಬಿದ್ದಿದ್ದೋನು ಯಾರು? ಹೇಳ್ರಲಾ, ಯಾರು? ನನ್ನ ಗಂಡನ ಹೆಸರಲ್ಲಿ ನನ್ನ ಮೈದುನ ಕಾಲು ಕೊಟ್ಟ. ಓಡ್ಬಂದ ಅಂದ್ರಿ. ಆ ಕಾಲಲ್ಲಿ ಯಾವನಾದ್ರೂ ಓಡ್ತಾನಾ?"

ಹಿಂದಿನಿಂದ ಒಬ್ಬ ಮುದುಕ ಎದ್ದು, ಆ ಪೋಸ್ಟಿನವನು ತಂತಿ ವಾಪಸ್ ಒಯ್ಯುವಾಗ ನಾನೂ ದಾರಿಯಲ್ಲಿ ಸಿಕ್ಕಿದ್ದೆ, ಬೇರೆ ಊರಿನ ರಂಗಪ್ಪಂದು ಅಂತ ನಂಬಿದ್ದೆ ಎಂದ. ಇನ್ನೊಬ್ಬರು, ಮೋಸ ಮೋಸವೇ ಅಲ್ವೇನ್ರೀ ಎಂದರು. ಜಗಳವೂ ಆಯಿತು. ಕೊನೆಗೆ ಕಲ್ಲೇಶಪ್ಪ ದಾರಿಯೊಂದನ್ನು ಕಂಡುಹಿಡಿದರು. ಈಗ ಕಲ್ಲಿನ ಮೂರನೇ ಸಾಲಿನಲ್ಲಿ ಹೀಗಿದೆ: ರಂಗಪ್ಪ ಉರುಫ್ ಓಬಳಪ್ಪ.

ನಾನು ಹೋಗಿ ನೋಡಿ ಬಂದೆ. ತಿಳಿಯದವರು ಓದಿದರೆ ಎರಡು ಹೆಸರಿದ್ದ ಒಬ್ಬ ಮನುಷ್ಯ ಎಂದುಕೊಳ್ಳುತ್ತಾರೆ. ತಪ್ಪು ಎನ್ನಲು ನನಗೂ ಬಾಯಿ ಬರಲಿಲ್ಲ.

"ಇಬ್ರನ್ನೂ ಸೇರ್ಸಿ ಒಬ್ರು ಮಾಡ್ಬಿಟ್ರು" ಎಂದು ಹುಲಿಯಮ್ಮ ನಗುತ್ತಾರೆ. ಮಂಡಿಯ ಬಾಗಿಲಿನಿಂದ ಬಿಸಿಲು ಒಳಗೆ ಬಂದಿದೆ. ಮಡಿಲಿನ ಚಿಪ್ಪಿನ ಚೂರು ಕೊಡವಿಕೊಂಡು ಟೀ ಲೋಟ ಎತ್ತಿಕೊಳ್ಳುತ್ತಾರೆ. ಈಗ ಸಮಾಧಾನವೇ ಎಂದು ಕೇಳುತ್ತೇನೆ.

"ಸಮಾಧಾನ ಅಂತ ಹೆಂಗ್ ಹೇಳ್ಲಿ ಮೇಡಂ. ಮೊದಲು ಅಪ್ಪನ ಮೇಲೆ ಅಯ್ಯೋ ಅನ್ಸೋದು. ಈಗ ಸಿಟ್ಟು ಬರುತ್ತೆ. ಊರಿಗೆ ಹೇಳ್ದೆ ಇದ್ರೆ ಹೋಗ್ಲಿ, ನಂಗ್ ಹೇಳ್ಬಹುದಿತ್ತಲ್ಲ. ನಾನೇನ್ ಡಂಗುರ ಹೊಡೀತಿದ್ನಾ? ಹೆಮ್ಮೆನೂ ಆಗುತ್ತೆ, ಸಿಟ್ಟೂ ಬರುತ್ತೆ, ಎರಡೂ ಒಟ್ಟೊಟ್ಟಿಗೆ."

ಇನ್ನೇನಾದರೂ ಆಸೆ ಇದೆಯೇ? ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ.

"ಅಪ್ಪನ ಜೊತೆ ಇದ್ದೋರು ಯಾರಾದ್ರೂ ಒಬ್ರು ಇನ್ನೂ ಬದುಕಿದ್ರೆ ನೋಡ್ಬೇಕು. ಯಾವ ದೇಶದೋರಾದ್ರೂ ಸರಿ, ಹೋಗ್ತೀನಿ. ಯುದ್ಧದ ವಿಷಯ ಏನೂ ಕೇಳಲ್ಲ. ರಂಗಪ್ಪಾ ಅಂತ ಕೂಗಿದ್ರೆ ಅಪ್ಪ ತಟ್ಟನೆ ತಿರುಗಿ ನೋಡ್ತಿದ್ನಾ, ಒಂದು ಗಳಿಗೆ ತಡ ಆಗ್ತಿತ್ತಾ, ಅಷ್ಟು ಕೇಳ್ಕೊಂಡು ಬತ್ತೀನಿ."