ಕಫೀಲ್‌ನ ತಲೆಗೆ ಕಟ್ಟಿದ ಸುಳ್ಳು

ನನ್ನ ಅಕ್ಕ ಉಮ್ರಾ ಯಾತ್ರೆಗೆ ಬಂದು ಮದೀನಾದಲ್ಲಿ ಎಂಟು ದಿನ ಇದ್ದಳು. ನಾನು ಇದೇ ದೇಶದಲ್ಲಿ, ದಮ್ಮಾಮ್‌ನಲ್ಲಿ ಇದ್ದೆ. ಅವಳನ್ನು ನೋಡಲು ಹೋಗಲಿಲ್ಲ. ಕಫೀಲ್, ಅಂದರೆ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡ ಅರಬಿ ಧಣಿ, ರಜೆ ಕೊಡಲಿಲ್ಲ ಎಂದು ಅವಳಿಗೆ ಹೇಳಿದೆ. ಗಲ್ಫಿನಲ್ಲಿರುವ ನಮ್ಮವರೆಲ್ಲ ಒಂದಲ್ಲ ಒಂದು ದಿನ ಹೇಳುವ ಮಾತು ಅದು. ಊರಿನಲ್ಲಿ ಯಾರೂ ಅದನ್ನು ಪರೀಕ್ಷಿಸುವುದಿಲ್ಲ.

ನನ್ನ ಕೆಲಸ ಆಸ್ಪತ್ರೆಯ ನರ್ಸುಗಳನ್ನು ವಸತಿಯಿಂದ ಕಾರಿನಲ್ಲಿ ಕರೆತಂದು ಬಿಡುವುದು. ಅವರಲ್ಲಿ ಒಬ್ಬರು ಐರ್ಲೆಂಡಿನವರು, ಐವತ್ತು ದಾಟಿದವರು. ಹಿಂದಿನ ಸೀಟಿನಲ್ಲಿ ಕುಳಿತು ಊರಿನ ಅಣ್ಣನ ಜೊತೆ ಫೋನಿನಲ್ಲಿ ಅವರ ಭಾಷೆಯಲ್ಲೇ ಮಾತನಾಡುತ್ತಿದ್ದರು. ಕೇಳಿ ಕೇಳಿ ನನಗೂ ಕೆಲವು ಪದಗಳು ಬಂದವು. ಅಮ್ಮ ಎಂದರೆ ಮಾಹಿರ್, ಅಪ್ಪ ಅಹಿರ್, ಅಜ್ಜಿ ಮಮೋ. ಅಣ್ಣನಾಗಲಿ ತಮ್ಮನಾಗಲಿ ಡ್ರಿಹಾರ್. ಅಕ್ಕತಂಗಿಯರಿಗೆ ಡ್ರಿಫೂರ್.

ಒಂದು ದಿನ ಅವರು ಹೇಳಿದರು: "ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಸಿಸ್ಟರ್ ಅನ್ನುತ್ತಾರೆ. ನಮ್ಮಲ್ಲಿ ಸಹೋದರಿ ಎಂಬ ಹಳೆಯ ಪದ ಕಾನ್ವೆಂಟಿನ ಸಿಸ್ಟರುಗಳ ಪಾಲಾಯಿತು. ಆಮೇಲೆ ಒಡಹುಟ್ಟಿದವಳಿಗೆ ನಿಜ ಎಂಬ ಮಾತು ಸೇರಿಸಿ ಡ್ರಿಫೂರ್ ಅಂದರು. ನಿಜವಾದ ಸಹೋದರಿ. ನಿನಗೆ ಇದ್ದಾಳಾ?"

"ಒಬ್ಬಳು. ಬರುವ ವಾರ ಮದೀನಾಕ್ಕೆ ಬರುತ್ತಾಳೆ."

ಅವರು ತಾವೇ ಕಫೀಲ್‌ಗೆ ಫೋನ್ ಮಾಡಿ ನನಗೆ ಮೂರು ದಿನ ರಜೆ ಕೊಡಿಸಿದರು.

ಆ ಮೂರು ದಿನ ನಾನು ರೂಮಿನಲ್ಲಿ ಮಲಗಿದ್ದೆ. ಜೊತೆಗೆ ರೂಮಿನಲ್ಲಿರುವ ಪುತ್ತೂರಿನವನು ಕೆಣಕದೆ ಬಿಡಲಿಲ್ಲ. "ಎಂತ ಮಾರಾಯ, ಮದೀನಾದ ಬಸ್ಸು ನಿನ್ನ ಮಂಚದ ಮೇಲೆಯೇ ಹೋಗುವುದಾ?"

ಕಾರಣ ನಾಚಿಕೆ. ನಮ್ಮ ತಾಯಿ, ಉಮ್ಮ, ತೀರಿಕೊಂಡಾಗ ಅಕ್ಕ ಐದನೇ ಕ್ಲಾಸಿಗೆ ಶಾಲೆ ಬಿಟ್ಟಳು. ಬೀಡಿ ಕಟ್ಟಿ ನನ್ನನ್ನು ಶಾಲೆಗೆ ಕಳಿಸಿದಳು. ನಾನು ಎಂಟರಲ್ಲಿ ಫೇಲಾಗಿ ಬಿಟ್ಟೆ. ಇಲ್ಲಿಗೆ ಬಂದ ಮೇಲೆ, ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ ಎಂದು ಅವಳಿಗೆ ಹೇಳಿದ್ದೆ. ಅವಳ ಯಾತ್ರೆಯ ಗುಂಪಿನಲ್ಲಿ ನಮ್ಮೂರಿನವರೇ ತುಂಬಿದ್ದರು. ಎಲ್ಲರ ಮುಂದೆ ಅವಳು ನನ್ನನ್ನು ಆಫೀಸರ್ ಎಂದು ತೋರಿಸುತ್ತಾಳೆ, ಯಾರಾದರೂ ಎರಡು ಪ್ರಶ್ನೆ ಕೇಳಿದರೆ ಸಿಕ್ಕಿಬೀಳುತ್ತೇನೆ ಎಂದು ಹೆದರಿದೆ.

ರಜೆ ಮುಗಿದ ಮರುದಿನ ಆ ನರ್ಸ್ ಕಾರು ಹತ್ತಿದ ಕೂಡಲೇ ಕೇಳಿದರು: "ಡ್ರಿಫೂರ್ ಸಿಕ್ಕಳಾ?"

"ಸಿಕ್ಕಳು."

"ಅತ್ತಳಾ?"

"ಸ್ವಲ್ಪ" ಎಂದೆ. ಕನ್ನಡಿಯಲ್ಲಿ ಅವರ ಕಣ್ಣು ಒದ್ದೆಯಾದದ್ದು ಕಂಡು ನಾನು ರಸ್ತೆಯ ಕಡೆಗೆ ನೋಡಿದೆ.

ಅಕ್ಕ ಮದೀನಾಕ್ಕೆ ಬಂದ ಎಂಟನೆಯ ದಿನ ಮಧ್ಯಾಹ್ನ ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿದ್ದಾಗ ಅಕ್ಕನ ಫೋನ್ ಬಂತು. ಪೆಟ್ಟಿಗೆ ಕಟ್ಟುತ್ತಿದ್ದಳು.

"ಊಟ ಆಯ್ತಾ? ನಿನ್ನ ಪಾಲಿನ ಉಪ್ಪಿನಕಾಯಿ ವಾಪಸು ಹೋಗ್ತಾ ಉಂಟು, ಬೈಬೇಡ ಆಯ್ತಾ."

"ಇಲ್ಲ ಅಕ್ಕ."

"ಮತ್ತೆ ಒಂದು ವಿಷಯ. ಎಂಟು ದಿನವೂ ಪಳ್ಳಿಯಲ್ಲಿ ನಿನ್ನ ಕಫೀಲ್‌ಗೆ ದುವಾ ಮಾಡಿದ್ದೇನೆ. ಅವನ ಮನಸ್ಸು ಮೆತ್ತಗಾಗಲಿ, ನನ್ನ ತಮ್ಮನಿಗೆ ಕಷ್ಟ ಕೊಡದಿರಲಿ ಅಂತ. ನನಗೆ ಬೇರೆಂತ ಬೇಕು?"

ಸರಿ ಎಂದು ಫೋನ್ ಇಟ್ಟೆ. ಅವಳು ಜೀವಮಾನದಲ್ಲಿ ಒಮ್ಮೆ ನಿಲ್ಲುವ ಆ ಮಸೀದಿಯಲ್ಲಿ ನಿಂತು, ತನಗಾಗಿ ಕೇಳಬೇಕಾದ್ದನ್ನು ಬಿಟ್ಟು, ನನ್ನ ಸುಳ್ಳಿಗಾಗಿ ಕೈ ಎತ್ತಿದ್ದಳು. ಆ ಕಫೀಲ್ ಕೇಳಿದ ಕೂಡಲೇ ರಜೆ ಕೊಟ್ಟವನು. ಇನ್ನು ಸುಮ್ಮನಿದ್ದರೆ ಅವಳು ಊರಿಗೆ ಹೋಗಿಯೂ ಆ ದುವಾ ಮುಂದುವರಿಸುತ್ತಾಳೆ.

ಮತ್ತೆ ನಾನೇ ಫೋನ್ ಮಾಡಿದೆ.

"ಕಫೀಲ್ ಬೇಡ ಅನ್ನಲಿಲ್ಲ ಅಕ್ಕ. ರಜೆ ಸಿಕ್ಕಿತ್ತು, ನಾನೇ ಬರಲಿಲ್ಲ. ನಾನು ಆಫೀಸಿನಲ್ಲಿ ಇಲ್ಲ, ಡ್ರೈವರ್. ಊರಿನವರ ಮುಂದೆ ನಿನ್ನ ಮುಖ ನೋಡಲು ನಾಚಿಕೆಯಾಯಿತು."

ಅವಳ ಕಡೆ ಪೆಟ್ಟಿಗೆ ಎಳೆಯುವ ಸದ್ದು ನಿಂತಿತು.

"ಅಕ್ಕಾ, ನನ್ನದು ದೊಡ್ಡ ತಪ್ಪು. ನನ್ನನ್ನು ಮಾಫ್ ಮಾಡು."