ಓಣಿಯ ನಡುವೆ ಒಂದು ಕಟ್ಟೆ

ನಮ್ಮ ಓಣಿಯಲ್ಲಿ ಹೆಣ ಕೂಡ ಸುತ್ತುಹಾಕಿಕೊಂಡು ಹೋಗುತ್ತದೆ.

ತಮಾಷೆಯಲ್ಲ. ಮುಂಜಾನೆ ಓಣಿಯಲ್ಲಿ ಹಾಸು ಎಳೆದು ಕಟ್ಟಿದ್ದರೆ ಯಾರೂ ಅದನ್ನು ದಾಟುವಂತಿಲ್ಲ. ಮದುವೆಯ ದಿಬ್ಬಣ ನಿಲ್ಲುತ್ತದೆ. ಹಾಲಿನವನು ಸೈಕಲ್ ಇಳಿದು ದೊಡ್ಡ ರಸ್ತೆಗೆ ಹೊರಳುತ್ತಾನೆ. ಹೆಣ ಹೊತ್ತವರೂ ಅಷ್ಟೇ. ಹಾಸು ಎಂದರೆ ಸೀರೆಯ ಉದ್ದಕ್ಕೆ ಬರುವ ನೂಲು. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಓಣಿಯುದ್ದಕ್ಕೂ ಬಿಗಿದು, ಗಂಜಿ ಸವರಿ, ಕುಂಚದಿಂದ ತಿಕ್ಕಿ ಒಣಗಿಸಬೇಕು. ಬಿಸಿಲು ಏರುವುದರೊಳಗೆ ಈ ಕೆಲಸ ಮುಗಿಯಬೇಕು. ತಡವಾದರೆ ಗಂಜಿ ಬಿರುಸಾಗಿ ನೂಲು ಪಟಪಟ ಹರಿಯುತ್ತದೆ.

ಹೀಗಾಗಿ ಹೊತ್ತೇರಿದ ಮೇಲೆ ಬಂದವರಿಗೆ ನಮ್ಮ ಓಣಿಯಲ್ಲಿ ಏನೂ ಕಾಣುವುದಿಲ್ಲ. ನೂಲು ಸುತ್ತಿಕೊಂಡು ಎಲ್ಲರೂ ಒಳಗೆ ಹೋಗಿರುತ್ತಾರೆ. ಹೊರಗೆ ಒಂದೆರಡು ಆಡು ಮಲಗಿರುತ್ತವೆ.

ನಮ್ಮ ಮುನ್ಸಿಪಾಲ್ಟಿ ಬಾಗಿಲು ತೆರೆಯುವುದು ಹನ್ನೊಂದಕ್ಕೆ!

(ಊರಿನ ಹೆಸರು ಕೇಳಬೇಡಿ. ಗದಗಿನಲ್ಲಿ ಬಸ್ಸು ಹತ್ತಿದರೆ ಸಿಗುವ ಒಂದು ಸಣ್ಣ ಊರು ಅಂದುಕೊಳ್ಳಿ. ಹೆಸರು ಬರೆದರೆ ಅಧ್ಯಕ್ಷರು ನನಗೆ ಚಹಾ ಕುಡಿಸುವುದನ್ನು ಬಿಟ್ಟಾರು.)

ಕನ್ನಡ ನಾಡು ಒಂದಾದ ಮೇಲೆ ಎಲ್ಲ ಕಡೆಯೂ ಏನಾದರೂ ಕಟ್ಟುವ ಹುರುಪು. ನಮ್ಮ ಮುನ್ಸಿಪಾಲ್ಟಿಯವರೂ ಏಕೀಕರಣದ ನೆನಪಿಗೆ ಒಂದು ಕಟ್ಟೆ ಕಟ್ಟಬೇಕೆಂದು ಠರಾವು ಮಾಡಿದರು. ನಡುವೆ ಧ್ವಜದ ಕಂಬ, ಸುತ್ತ ಜನ ಕೂರಲು ಕಲ್ಲುಹಾಸು. ಓವರ್‌ಸಿಯರ್ ಟೇಪು ಹಿಡಿದು ಊರೆಲ್ಲ ಅಳೆದರು. ನಮ್ಮ ಓಣಿಗೆ ಬಂದದ್ದು ಮಟಮಟ ಮಧ್ಯಾಹ್ನ. ಪ್ಲಾನಿನಲ್ಲಿ 'ಖಾಲಿ ಜಾಗ' ಎಂದು ಬರೆದುಕೊಂಡು ಹೋದರು. ತಪ್ಪು ಅನ್ನೋಣವೇ? ಕಣ್ಣಿಗೆ ಕಂಡದ್ದನ್ನೇ ಬರೆದರಲ್ಲ!

ಕೆಲವು ದಿನಗಳಲ್ಲೇ ಓಣಿಯ ನಡುವೆ ಸುಣ್ಣದ ಗೆರೆ ಬಿತ್ತು. ಎದುರು ಮನೆಯ ಗಂಗವ್ವ ನನ್ನ ಬಾಗಿಲಿಗೆ ಬಂದಳು. ಎರಡು ಮಗ್ಗದ ಮನೆ ಅವಳದು. ಮಗ, ಸೊಸೆ ನೇಯುತ್ತಾರೆ. ಹಾಸಿನ ಉಸ್ತುವಾರಿ ಪೂರಾ ಅವಳದೇ.

"ತಮ್ಮಾ, ನೀ ಪೇಪರಿನ್ಯಾಗ ಬರಿಯಾಂವ. ನಿನ್ನ ಮಾತ ಕೇಳ್ತಾರ. ಇಲ್ಲಿ ಕಟ್ಟಿ ಕಟ್ಟಿದ್ರ ನಾ ಹಾಸು ಎಲ್ಲಿ ಹಾಕ್ಲಿ?"

"ಕಟ್ಟಿ ಆಜೂಬಾಜೂ ಜಾಗಾ ಉಳಿತೈತೆಲ್ಲ ಗಂಗವ್ವ?" ಎಂದೆ.

"ನೂಲು ನೆಟ್ಟಗ ಇರಬೇಕೋ ಯಪ್ಪಾ. ಕಟ್ಟಿ ಸುತ್ತಿ ಹೋಗಾಕ ಅದೇನು ಎಮ್ಮಿ ಏನು?"

ಇಬ್ಬರೂ ಮುನ್ಸಿಪಾಲ್ಟಿಗೆ ಹೋದೆವು. ಅಧ್ಯಕ್ಷರು ಒಳ್ಳೆಯವರೇ. ಗಂಗವ್ವನಿಗೆ ಕುರ್ಚಿ ಕೊಡಿಸಿದರು. ಅವಳು ಕೂರಲಿಲ್ಲ.

"ಸಾಹೇಬ್ರ, ಒಂದಿನ ಮುಂಜಾನಿ ಬಂದು ನೋಡ್ರಿ. ಆ ಜಾಗಾ ಖಾಲಿ ಅಲ್ಲರಿ. ನಮ್ಮ ಅನ್ನಾನ ಅಲ್ಲೈತ್ರಿ."

"ಖರೆ ಇರಬಹುದು ಯವ್ವಾ. ಆದ್ರ ಠರಾವು ಆಗೇತಿ. ಮಾರ್ಚ್ ಒಳಗ ಖರ್ಚು ಹಾಕಲಿಲ್ಲಂದ್ರ ಗ್ರಾಂಟು ವಾಪಸ್ ಹೋಗತೈತಿ. ಬ್ಯಾರೆ ಜಾಗಾ ಹುಡುಕಾಕ ಟೈಮ್ ಎಲ್ಲೈತಿ?"

ನಾನು ಬಾಯಿ ಹಾಕಿದೆ. "ಆ ರೊಕ್ಕದಾಗ ಓಣಿಗೊಂದು ನಳಾ ಹಾಕಿಸ್ರೆಲಾ. ಕುಡಿಯಾಕ ನೀರಿಲ್ಲ."

"ಕಟ್ಟಿ ರೊಕ್ಕ ಕಟ್ಟಿಗೇ ರೀ. ಬಜೆಟ್ಟಿನ್ಯಾಗ ನಳದ ಹೆಡ್ಡು ಬ್ಯಾರೆ. ಅದರಾಗ ಈ ವರ್ಷ ಏನೂ ಇಲ್ಲ." ಆಮೇಲೆ ಗಂಗವ್ವನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ನಾಡು ಒಂದಾದ ಖುಷಿಗೆ ಕಟ್ಟೋ ಕಟ್ಟಿ ಇದು. ಬ್ಯಾಡ ಅಂತಿಯೇನವಾ?"

ಗಂಗವ್ವ ತಲೆ ತಗ್ಗಿಸಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಇದೆಂಥ ಪ್ರಶ್ನೆ? ಬೇಡ ಎಂದರೆ ನಾಡಿಗೆ ದ್ರೋಹ, ಬೇಕು ಎಂದರೆ ಹೊಟ್ಟೆಗೆ ತಣ್ಣೀರುಬಟ್ಟೆ. ಏಕೀಕರಣಕ್ಕಾಗಿ ಮೆರವಣಿಗೆ ಹೊರಟಾಗ ನಮ್ಮ ಓಣಿಯ ಮಗ್ಗಗಳೆಲ್ಲ ಬಂದ್ ಆಗಿದ್ದವು. ಗಂಗವ್ವ ಹೆಂಗಸರನ್ನು ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ನಡೆದಿದ್ದಳು. ಕೂಗಿ ಕೂಗಿ ಅವಳ ಗಂಟಲು ಬಿದ್ದುಹೋಗಿತ್ತು. ಲಕ್ಷ್ಮೇಶ್ವರ ಬೇರೊಂದು ಸಂಸ್ಥಾನದ ಆಳ್ವಿಕೆಯಲ್ಲಿದ್ದಾಗಲೂ ಇವರು ನೇಯ್ದ ಸೀರೆ ಅಲ್ಲಿಯ ಸಂತೆಗೆ ಹೋಗುತ್ತಿತ್ತು. ಕಾಗದದ ಮೇಲೆ ನಾಡು ಒಂದಾಗುವುದಕ್ಕೆ ಎಷ್ಟೋ ಮುಂಚೆ ಇವರ ಪಾಲಿಗೆ ಅದು ಒಂದೇ ಆಗಿತ್ತು. ಅಂಥವಳನ್ನು ನಿಲ್ಲಿಸಿ ಕೇಳುವ ಮಾತೇ ಇದು?

ವಾಪಸ್ ಬರುವ ದಾರಿಯಲ್ಲಿ, ಪೇಪರಿನಲ್ಲಿ ಝಾಡಿಸಿ ಬರೆಯುತ್ತೇನೆ ಎಂದೆ.

"ಬ್ಯಾಡೋ ತಮ್ಮಾ. ನಾಡು ಒಂದಾಗ್ಲಿ ಅಂತ ಬೀದ್ಯಾಗ ನಿಂತು ಕೂಗಿ ಬೇಡಿದ್ದು ನಾವೇ. ಈಗ ಕಟ್ಟಿ ಬ್ಯಾಡ ಅಂತ ಯಾವ ಬಾಯಿಲೆ ಅನ್ನೂದು?" ಅಂದಳು.

ಕಟ್ಟೆ ಎದ್ದಿತು. ಗ್ರಾಂಟು ಉಳಿಯಿತು. ಉದ್ಘಾಟನೆಯ ದಿನ ಓಣಿಯ ಹೆಂಗಸರೇ ಕಸ ಗುಡಿಸಿ, ನೀರು ಹೊಡೆದು, ರಂಗೋಲಿ ಹಾಕಿದರು. ಡೆವಲಪ್‌ಮೆಂಟ್ ಬಗ್ಗೆ ಉದ್ದುದ್ದ ಭಾಷಣಗಳಾದವು. ನಾನೂ ಚಪ್ಪಾಳೆ ತಟ್ಟಿದೆ. ಧ್ವಜ ಏರಿದಾಗ ಗಂಗವ್ವನ ಕಣ್ಣಲ್ಲಿ ನೀರು. ಅದು ಯಾವ ನೀರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ಹಾಸು ಹಾಕಲು ಉಳಿದಿರುವುದು ಹಿಂದಿನ ಓಣಿ ಒಂದೇ. ಎರಡೂ ಓಣಿಯ ಮಗ್ಗಗಳಿಗೆ ಅದೇ ಗತಿ. ಜಗಳ ಬೇಡವೆಂದು ಸರದಿ ಹಚ್ಚಿಕೊಂಡಿದ್ದಾರೆ. ಸರದಿ ಬರುವವರೆಗೆ ಮಗ್ಗ ಸುಮ್ಮನೆ ನಿಲ್ಲುತ್ತದೆ. ಗಂಗವ್ವನ ಮಗ ಶಿರಹಟ್ಟಿ ಕಡೆ ಕೂಲಿಗೆ ಹೋಗಿದ್ದಾನೆ. ಈ ಸಲ ಮುಂಡರಗಿ ಸಂತೆಗೆ ಅವರ ಮನೆಯ ಸೀರೆ ಹೋಗಲಿಲ್ಲ.

ಯಾರನ್ನು ಬೈಯಬೇಕು? ಓವರ್‌ಸಿಯರ್ ಕಳ್ಳರಲ್ಲ, ಅಧ್ಯಕ್ಷರು ಕೆಟ್ಟವರಲ್ಲ. ಕಟ್ಟೆಯ ಕಲ್ಲಿನಲ್ಲೂ ಮೋಸವಿಲ್ಲ, ಗಟ್ಟಿಯಾಗಿದೆ. ಬಹಳ ವರ್ಷ ಬಾಳುತ್ತದೆ. ನನ್ನ ಸಂಕಟವೂ ಅದೇ.

ಮೊನ್ನೆ ಗಂಗವ್ವ ಮತ್ತು ನಾಲ್ಕಾರು ಹೆಂಗಸರು ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತಿದ್ದರು. ನಾನು ಬಾಗಿಲಲ್ಲಿದ್ದೆ. ಆ ದಾರಿಯಲ್ಲಿ ಬಂದ ಓವರ್‌ಸಿಯರ್ ಸೈಕಲ್ ನಿಲ್ಲಿಸಿದರು. ಮುಖ ಅರಳಿತು.

"ನೋಡ್ರಿ, ಮಂದಿ ಎಷ್ಟು ಆರಾಮ ಕುಂತಾರ! ಕಟ್ಟಿ ಮಾಡಿಸಿದ್ದು ಚಲೋ ಆತಿಲ್ಲ?"

"ಹೂನ್ರಿ ಸಾಹೇಬ್ರ," ಅಂದಳು ಗಂಗವ್ವ. "ಇನ್ನ ನಮಗ ಕುಂಡ್ರೂದ ಐತಿ."

ಅವರು ಅದನ್ನು ಮೆಚ್ಚುಗೆಯೆಂದೇ ತಿಳಿದರು. ಬರುವ ವರ್ಷದ ಬಜೆಟ್ಟಿನಲ್ಲಿ ಹಿಂದಿನ ಓಣಿಗೂ ಒಂದು ಕಟ್ಟೆ ಸೇರಿಸುತ್ತಾರಂತೆ.