ಆರು ಕವಡೆ ಮತ್ತು ನನ್ನ ಯಾಳಿಗಳು

ಎಂಬತ್ತರ ದಶಕದಲ್ಲಿ ನನಗೆ ಕಾಲುವೆಯ ಮೇಲೆ ಜೂನಿಯರ್ ಇಂಜಿನಿಯರ್ ಕೆಲಸ. ಕಮಲಾಪುರದ ಸುತ್ತಿನ ಬಾಳೆ, ಕಬ್ಬಿನ ತೋಟದವರು ತಮ್ಮ ಸರದಿ ಅಲ್ಲದಾಗಲೂ ತೂಬು ಎತ್ತಿ ನೀರು ಬಿಟ್ಟುಕೊಳ್ಳುತ್ತಿದ್ದರು. ಅವರನ್ನು ಹಿಡಿಯುವುದಕ್ಕೇ ನನಗೆ ಸಂಬಳ. ದಿನವಿಡೀ ಕಂಡವರನ್ನೆಲ್ಲ ಅನುಮಾನಿಸಿ ಸಂಜೆ ಹೊಸಪೇಟೆಯ ಕ್ವಾರ್ಟರ್ಸಿಗೆ ಬಂದರೆ ಆ ಚಟವೂ ಸೈಕಲ್ಲಿನ ಹಿಂದೆ ಕೂತು ಬರುತ್ತಿತ್ತು. ಮದುವೆಯಾಗಿ ಆಗ ಆರು ತಿಂಗಳು.

ಒಂದು ದಿನ ಹಂಪಿ ಬಜಾರಿನಲ್ಲಿ, ಯಾರೋ ಪ್ರವಾಸಿ ಬಿಟ್ಟುಹೋದ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ಮೇಜಿನ ಮೇಲೆ ಗೊಂಬೆಗಳ ಸೈನ್ಯ ನಿಲ್ಲಿಸಿ ಯುದ್ಧ ಆಡುವ ಆಟದ ನಿಯಮಗಳು ಅದರಲ್ಲಿದ್ದವು. ಯಾವ ದಳ ಹೊಡೆಯಬೇಕಾದರೆ ದಾಳದಲ್ಲಿ ಎಷ್ಟು ಬೀಳಬೇಕು ಎಂಬುದಕ್ಕೆ ಪುಟಗಟ್ಟಲೆ ಕೋಷ್ಟಕ. ದಳಗಳೆಂದರೆ ಕುಳ್ಳರು, ಬೆಂಕಿ ಉಗುಳುವ ಹಾವುಗಳು. ಹೆಂಡತಿ ಚಿತ್ರ ನೋಡಿ, ಇವರ ಗುರುತು ಪರಿಚಯ ನಮಗಿಲ್ಲ ಎಂದು ಕುಳ್ಳರನ್ನು ಕೋತಿಗಳನ್ನಾಗಿ ಮಾಡಿದಳು. ಹಾವುಗಳ ಜಾಗಕ್ಕೆ ನಮ್ಮ ಗುಡಿಕಂಬಗಳ ಮೇಲಿನ, ಸಿಂಹದ ಮೈಯ ಯಾಳಿಗಳು ಬಂದವು. ಔಡಲ ಬೀಜಗಳು ಕೋತಿ, ಸಂಡೂರಿನಿಂದ ತಂದ ಅದಿರುಕಲ್ಲುಗಳು ಯಾಳಿ. ನನ್ನ ಡ್ರಾಯಿಂಗ್ ಬೋರ್ಡೇ ರಣರಂಗ.

ದಾಳ ಇರಲಿಲ್ಲ. ಕಂಪ್ಲಿಯ ತವರಿನಿಂದ ತಂದಿದ್ದ, ಅಜ್ಜಿ ಕೊಟ್ಟ ಆರು ಕವಡೆಗಳನ್ನು ಆಕೆ ತೆಗೆದಳು. ಎಷ್ಟು ಅಂಗಾತ ಬೀಳುತ್ತವೋ ಅಷ್ಟು ಅಂಕ. ಎಲ್ಲವೂ ಬೋರಲು ಬಿದ್ದರೆ ಮತ್ತೆ ಎಸೆಯುವುದು. ಒಂದರಿಂದ ಆರು, ದಾಳದ ಹಾಗೆಯೇ ಆಯಿತಲ್ಲ ಎಂದೆ. ಆಕೆ ಏನೋ ಹೇಳಲು ಬಂದಳು. ನಾನು ಆಗಲೇ ಲೆಕ್ಕಕ್ಕೆ ಕೂತಿದ್ದೆ.

ಕೋತಿಗಳಿಗೆ ಮೂರು ಬಿದ್ದರೆ ಸಾಕು, ಆದರೆ ಅವುಗಳದು ಸಣ್ಣ ಏಟು. ಯಾಳಿಗೆ ಐದು ಅಥವಾ ಆರು ಬೀಳಬೇಕು. ಬಿದ್ದರೆ ಒಂದೇ ಸಲಕ್ಕೆ ಆರು ಕೋತಿ ಸ್ವಾಹಾ. ಆರು ಮುಖಗಳಲ್ಲಿ ಎರಡು ಎಂದರೆ ಮೂರು ಎಸೆತಕ್ಕೆ ಒಂದು. ಗೆಲುವು ಯಾಳಿಗೇ ಎಂದು ಲೆಕ್ಕ ಖಂಡಿತವಾಗಿ ಹೇಳಿತು. ಯಾಳಿ ನನ್ನವು ಎಂದೆ. ಆಕೆ ತಕರಾರಿಲ್ಲದೆ ಕೋತಿ ತೆಗೆದುಕೊಂಡಳು.

ಭಾನುವಾರದ ಮೇಲೆ ಭಾನುವಾರ ಸೋತೆ. ನನ್ನ ಯಾಳಿಗಳು ಹೊಡೆಯುವುದಿರಲಿ, ಮಿಸುಕುತ್ತಲೂ ಇರಲಿಲ್ಲ. ಆಕೆಗೆ ಮೂರು ಬೇಕೆಂದರೆ ಮೂರು ಬೀಳುತ್ತಿತ್ತು. ತವರಿನ ಕವಡೆ ಒಡತಿಯ ಮಾತು ಕೇಳುತ್ತವೆ ಅನ್ನಿಸತೊಡಗಿತು. ಅಂಗೈಯಿಂದ ಎಸೆಯುವುದು ಬೇಡ, ಲೋಟದಲ್ಲಿ ಕುಲುಕು ಎಂದೆ. ಕುಲುಕಿದಳು, ಗೆದ್ದಳು. ಬಲಗೈ ಬೇಡ, ಎಡಗೈ ಎಂದೆ. ಎಡಗೈಯಲ್ಲೂ ಗೆದ್ದಳು. ಬೇಕಾದ ಹಾಗೆ ಬೀಳಲೆಂದು ಕವಡೆಯೊಳಗೆ ಭಾರಕ್ಕೆ ಅರಗು ತುಂಬಿರಬೇಕು ಎಂದುಕೊಂಡೆ. ಆಕೆ ನೀರಿಗೆ ಹೋಗಿದ್ದಾಗ ಒಂದು ಕವಡೆಯ ಬಾಯಿಗೆ ದಬ್ಬಣ ತುರುಕಿ ಮೀಟಿದೆ. ಅದು ಎರಡು ಹೋಳಾಯಿತು.

ಕೊಡ ಇಳಿಸಿ ಬಂದವಳು ಹೋಳುಗಳನ್ನು ನೋಡಿದಳು.

“ಒಳಗ ಏನ್ ಸಿಕ್ತ್ರಿ?” ಎಂದಳು.

ಏನೂ ಸಿಕ್ಕಿರಲಿಲ್ಲ. ನಾಚಿಕೆಯಾಯಿತು, ಆದರೂ ಅನುಮಾನ ಹೋಗಲಿಲ್ಲ. ಬಜಾರಿನಿಂದ ಹೊಸದಾಗಿ ಆರು ಕವಡೆ ತಂದು, ತೂಬಿನ ಕಟ್ಟೆಯ ಮೇಲೆ ಒಬ್ಬನೇ ಕೂತು ಎಸೆದೆ. ಬಿದ್ದ ಪ್ರತಿ ಅಂಕಕ್ಕೂ ಗ್ರಾಫ್ ಹಾಳೆಯಲ್ಲಿ ಒಂದು ಚೌಕ ತುಂಬುತ್ತ ಹೋದೆ. ಆಕೆಯ ಕವಡೆಗಳ ಮೋಸವನ್ನು ಹಾಳೆಯಲ್ಲೇ ತೋರಿಸಬೇಕೆಂಬ ಹಟ. ಮೂರರ ಮೇಲೆ ಚೌಕಗಳು ಗುಡ್ಡದಂತೆ ಏರಿದವು, ಆರರ ಜಾಗ ಬಯಲು. ಅಂಗಡಿಯ ಕವಡೆಗೂ ಅದೇ ಬುದ್ಧಿ. ಆಗ ಹೊಳೆಯಿತು: ಆರೂ ಒಟ್ಟಿಗೆ ಅಂಗಾತ ಬೀಳಲು ಒಂದೇ ದಾರಿ, ಮೂರು ಬೀಳಲು ಇಪ್ಪತ್ತು ದಾರಿ. ಯಾಳಿಯ ಏಟು ಮೂರು ಎಸೆತಕ್ಕೊಂದಲ್ಲ, ಸುಮಾರು ಒಂಬತ್ತಕ್ಕೊಂದು. ಆರು ಕವಡೆ ಸೇರಿ ಒಂದು ದಾಳ ಆಗುವುದಿಲ್ಲ ಎಂಬುದು ಇಷ್ಟು ಓದಿದ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ತಪ್ಪೊಪ್ಪಿಕೊಂಡೆ. ಐದು ಬೀಳುವುದು ಅಪರೂಪವೆಂದು ಕಂಪ್ಲಿಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು, ಮೊದಲ ದಿನವೇ ಹೇಳಲು ಬಂದಿದ್ದೆ ಎಂದಳು. ಯಾಳಿಗೆ ನಾಲ್ಕು ಬಿದ್ದರೂ ಸಾಕು ಎಂದು ನಿಯಮ ತಿದ್ದಿದೆವು. ಲೆಕ್ಕ ಸರಿಹೋಯಿತು, ನಾನು ಗೆದ್ದೆ. ಮರುವಾರವೂ ಗೆದ್ದೆ, ಅದರ ಮರುವಾರವೂ.

ಖುಷಿಪಟ್ಟುಕೊಂಡು ಸುಮ್ಮನಿರಬಹುದಿತ್ತು. ಆದರೆ ಈಗ ಪ್ರತಿ ಏಟಿನ ಸಾಧ್ಯತೆಯೂ ನನಗೆ ಬಾಯಿಪಾಠ. ಚದುರಿ ನಿಂತು ಉಳಿಯಬೇಕಾದ ಕೋತಿಗಳನ್ನು ಆಕೆ ಸಾಲಾಗಿ ಯಾಳಿಯ ಮುಂದೆ ತಂದು ನಿಲ್ಲಿಸುತ್ತಿದ್ದಳು. ಕೈಯಳತೆಯಲ್ಲೇ ಈ ಲೆಕ್ಕ ಬಲ್ಲವಳು, ವಾರವಾರವೂ ಅದೇ ತಪ್ಪು. ಬೇಕಂತಲೇ ಸೋಲುತ್ತೀಯಲ್ಲ, ಯಾಕೆ ಎಂದು ಕೇಳಿಯೇಬಿಟ್ಟೆ.

ಆಕೆ ಔಡಲ ಬೀಜ ಆರಿಸುತ್ತ, ತಲೆ ಎತ್ತದೆ ಹೇಳಿದಳು: “ನಾ ಗೆದ್ದ ದಿನಾ ನೀವು ನನ್ ಟ್ರಂಕು ತೆಗದು ನೋಡ್ತಿದ್ರಿ. ಸೋತ್ರ ನೋಡೂದಿಲ್ಲ.”

ಸೀರೆಗಳನ್ನು ಇದ್ದ ಮಡಿಕೆಯಲ್ಲೇ ವಾಪಸ್ ಇಟ್ಟಿದ್ದೇನೆ ಎಂದು ನಾನು ತಿಳಿದಿದ್ದೆ.